ಮೂಗಿನ ನೇರಕ್ಕೆ

ಹಲ್ ಬಂದರಿನ ಹಿಂದೆ, ಮುಚ್ಚಿಹೋದ ಎಣ್ಣೆ ಗಿರಣಿಯ ಪಕ್ಕದ
ಸಣ್ಣ ಮ್ಯೂಸಿಯಮ್ಮಿನಲ್ಲಿ
ಕಾಗದಕ್ಕೆ ಬೆಳಕು ತಾಗದಂತೆ ಕಾಯುವುದು ನನ್ನ ಕೆಲಸ.
ಮೂರು ತಿಂಗಳು ಗೋಡೆಯ ಮೇಲೆ, ಆಮೇಲೆ ಐದು ವರ್ಷ ಕತ್ತಲು:
ಜಪಾನಿನ ಮರದಚ್ಚಿನ ಚಿತ್ರಗಳಿಗೆ ನಾವು ವಿಧಿಸಿದ ಶಿಕ್ಷೆ,
ಅಥವಾ ಬಾಣಂತನ.

ಮಂಗಳವಾರ ಮಧ್ಯಾಹ್ನ ಎವರಾರ್ಡ್ ಸ್ಟ್ಯಾದರ್ಸ್ ಬಂದರು.
ಎಂಬತ್ತೊಂದು ವರ್ಷ. ಒದ್ದೆ ಕೋಟು. ಕಂಕುಳಲ್ಲಿ
ದಿಂಬಿನ ಗವಸು ತೊಡಿಸಿದ ಚೌಕಟ್ಟು.
"ಇವನು ನನ್ನ ಮುತ್ತಜ್ಜ, ಯೊಕೊಹಾಮಾಕ್ಕೆ ಹಡಗು ಒಯ್ದ ಕಪ್ತಾನ.
ಬೇಕಾದರೆ ಮೂಗು ನೋಡಿ."
ಪಕ್ಕಕ್ಕೆ ತಿರುಗಿ ನಿಂತರು.
ಕಿಟಕಿಯಾಚೆಯ ಹಂಬರ್ ನದಿಯ ಕಡೆ ಚಾಚಿಕೊಂಡ ಮೂಗು
ನಿಜಕ್ಕೂ ದೊಡ್ಡದೇ.

ಚಿತ್ರದಲ್ಲಿ ಗಂಜಿ ಹಾಕಿ ಇಸ್ತ್ರಿ ಮಾಡಿದಂಥ ಗಡ್ಡ.
ಎಲ್ಲಿ ಮಡಚಬೇಕೆಂದು ಬರೆದವನಿಗೆ ಖಾತ್ರಿಯಿಲ್ಲದ ಮೊಣಕಾಲು.
ಗಾಜಿನ ಲೋಟ, ಅದರಲ್ಲೊಂದಿಷ್ಟು ಕೆಂಪು.
ಪಕ್ಕದ ನಾಯಿಗೂ ಅವನದೇ ಕಣ್ಣು.
ಕೋಟು ಮಾತ್ರ ಎಂಥ ನೀಲಿ! ಅದೂ ಹಡಗು ಹತ್ತಿ ಬಂದದ್ದೇ,
ಬರ್ಲಿನ್ನಿನ ಹೆಸರು ಹೊತ್ತು.
ನೆಂಟನ ಚಿತ್ರ ಬರೆಯಲು
ನೆಂಟರೇ ತಂದ ಬಣ್ಣ.

ಬರೆದವನು ಇವನನ್ನು ಕಂಡಿದ್ದನೆ?
ಎಡೋ ಪಟ್ಟಣದ ಯಾವುದೋ ಅಂಗಡಿಯ ಜಗಲಿಯಲ್ಲಿ ಕೂತು
ಹರಿದ ವಿಲಾಯತಿ ಪತ್ರಿಕೆಯೊಂದನ್ನು ತಿರುವುತ್ತ,
"ಇಷ್ಟುದ್ದವಂತೆ ಮೂಗು" ಎಂದು ಅಳತೆ ತೋರಿಸಿದವನ
ಕೈಯನ್ನೇ ಬರೆದಿರಬೇಕು.
ಎಲ್ಲರೂ ಬರೆಯುವುದು ತಂತಮ್ಮ ಮೂಗಿನ ನೇರಕ್ಕೆ.
ಪಾಪ, ಇವನೊಬ್ಬ ಇನ್ನೊಬ್ಬರ ಮೂಗಿನ ನೇರಕ್ಕೆ ಹೊರಟು
ದಾರಿ ತಪ್ಪಿದ.

(ಹೋದ ವರ್ಷ ಶಾಲೆಯ ಮಕ್ಕಳು ಬಂದು ಹೋದ ಮೇಲೆ
ಒಬ್ಬಳು ನನ್ನ ಚಿತ್ರ ಬರೆದು ಅಂಚೆಗೆ ಹಾಕಿದ್ದಳು.
ಬೂದು ಸ್ವೆಟರು ತೊಟ್ಟಿದ್ದವಳಿಗೆ ಹಳದಿ ಸೀರೆ,
ಬೋಳು ಹಣೆಗೆ ರೂಪಾಯಗಲದ ಬೊಟ್ಟು.
ಅದನ್ನೂ ಡ್ರಾಯರಿನಲ್ಲೇ ಇಟ್ಟಿದ್ದೇನೆ, ಕತ್ತಲಲ್ಲಿ.)

ಹದಿನಾಲ್ಕನೆಯ ಡ್ರಾಯರಿನಲ್ಲಿ ನಮ್ಮದೊಂದು ಪ್ರತಿ ಇದೆ.
ಅದೇ ಮೊಣಕಾಲು, ಅದೇ ನಾಯಿ,
ಮೂರನೆಯ ಗುಂಡಿಯ ಹತ್ತಿರ
ಹಲಗೆ ಸೀಳಿದ ಅದೇ ಕೂದಲೆಳೆಯ ಗೆರೆ.
ಮೇಲಿನ ಕೆಂಪು ಪಟ್ಟಿಯ ಅಕ್ಷರವಷ್ಟೇ ಬೇರೆ.
ಇವರದರಲ್ಲಿ: ಇಂಗ್ಲೆಂಡಿನವನು.
ನಮ್ಮದರಲ್ಲಿ: ರಷ್ಯಾದವನು.

ಡೊರೀನ್ ಬ್ಲೆಂಕಿನ್ ನನ್ನ ಮುಖ ನೋಡಿದಳು.
ನಾನು ನೆಲ ನೋಡಿದೆ.

ಮಾತು ತಪ್ಪಿಸಲು ಚೌಕಟ್ಟು ಬಿಚ್ಚಿದೆ. ಚಿತ್ರವನ್ನು ಕವುಚಿ ಹಾಕಿದೆ.
ಬೆನ್ನ ಮೇಲೆ ಗಡ್ಡವಿಲ್ಲ, ದೇಶವಿಲ್ಲ.
ಇಣುಕಿದ ನೀಲಿ; ಅದರ ಮೇಲೆ ಸುಳಿಸುಳಿಯಾಗಿ
ಬಿದಿರಿನ ಸಿಪ್ಪೆ ಸುತ್ತಿದ ಬಿಲ್ಲೆ ಹಿಡಿದು ಉಜ್ಜಿದ ಗುರುತು.
ಕೋಟಿನ ಮೇಲೆ ಮೈಭಾರವೆಲ್ಲ ಬಿಟ್ಟಿದ್ದಾನೆ.
ಮುಖದ ಬಳಿ ಬಂದಾಗ ಕೈ ಹಗುರ.
"ಯಾರ ಕೈ?" ಅಂದರು ಸ್ಟ್ಯಾದರ್ಸ್.
"ಬರೆದವನ ಹೆಸರಿದೆ, ಮಾರಿದವನದಿದೆ.
ಒತ್ತಿದವನದಿಲ್ಲ."

ಅವರು ತುಸು ಹೊತ್ತು ಸುಮ್ಮನಿದ್ದು ಗಂಟಲು ಸರಿಮಾಡಿಕೊಂಡರು.
"ಕಪ್ತಾನ ಅನ್ನುತ್ತಿದ್ದುದು ಅಪ್ಪ.
ಅಜ್ಜಿಯ ಪ್ರಕಾರ ಅವನು ಅಡುಗೆಯವನು,
ಒಂದು ಕೋಳಿಯ ದುಡ್ಡಿಗೆ ಇದನ್ನು ಕೊಂಡನಂತೆ.
ಅಂಗಡಿಯೆದುರು ನಿಂತು ನಕ್ಕು ನಕ್ಕು."

ಡೊರೀನ್ ಆಗ ಎದ್ದಳು. ಡ್ರಾಯರು ಎಳೆದಳು.
ರಷ್ಯಾದವನನ್ನು ತಂದು ಪಕ್ಕದಲ್ಲಿ ಮಲಗಿಸಿ
ಇಂಗ್ಲೆಂಡಿನವನನ್ನು ಮಗುಚಿದಳು.
ಎರಡು ಲೋಟ, ಎರಡು ನಾಯಿ.
ಮುದುಕರು ಬಾಗಿದರು, ಇನ್ನೂ ಬಾಗಿದರು,
ಕಾಗದಕ್ಕೂ ಮೂಗಿಗೂ ನಡುವೆ ಗೇಣುದ್ದ.
"ಅಯ್ಯೋ," ಅಂದರು, "ಇವನಿಗೊಬ್ಬ ತಮ್ಮನೂ ಇದ್ದನೆ!"

ಮರುಕ್ಷಣ ಆ ಮೂಗು ಒಮ್ಮೆ ನಡುಗಿತು.
ಸೀನು ಬರುವುದರೊಳಗೆ
ನಾನೂ ಡೊರೀನಳೂ ಒಟ್ಟಿಗೇ
ಎರಡು ಮುಖಗಳ ಮೇಲೆ
ಅಂಗೈ ಅಡ್ಡ ಹಿಡಿದಿದ್ದೆವು,
ತಾಗಿಯೂ ತಾಗದ ಹಾಗೆ.